ಐವತ್ತು ಹರದಾರಿ

ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿದರೆ ಉತ್ತರ ತಕ್ಷಣ ಸಿಗುತ್ತದೆ. ಸೋಗಾನೆಯ ನಿಲ್ದಾಣದಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ಹರದಾರಿಗೆ ಮೂರು ಮೈಲಿ ಎಂಬ ಹಳೆಯ ಲೆಕ್ಕದಲ್ಲಿ ಐವತ್ತು ಹರದಾರಿ.

ಹೊತ್ತಿನ ಲೆಕ್ಕ ಅಷ್ಟು ಸಲೀಸಲ್ಲ. ಈ ದಾರಿಯಲ್ಲಿ ಹಾರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಹಾಗಾದರೆ ಅರ್ಧ ಗಂಟೆ ಸಾಕಲ್ಲ? ಆದರೆ ಟಿಕೆಟ್ಟಿನಲ್ಲಿ ಗಂಟೆಗೂ ಮೇಲೆ ಬರೆದಿರುತ್ತಾರೆ. ವಿಮಾನ ಹೊರಡುವಾಗ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದ ಮೇಲೆ ಮತ್ತೆ ನಿಲ್ಲುವವರೆಗಿನದ್ದೆಲ್ಲ ಆ ಲೆಕ್ಕಕ್ಕೆ ಸೇರುತ್ತದೆ. ರನ್‌ವೇವರೆಗೆ ಉರುಳುವುದು, ನಿಧಾನವಾಗಿ ಏರುವುದು, ರನ್‌ವೇ ಇರುವ ದಿಕ್ಕಿಗೆ ತಿರುಗಿಕೊಳ್ಳುವುದು, ದೇವನಹಳ್ಳಿಯ ಆಕಾಶದಲ್ಲಿ ಸರದಿ ಕಾಯುವುದು. ಹತ್ತಿರದ ಊರುಗಳ ನಡುವಿನ ಹಾರಾಟದಲ್ಲಿ ಹಾರುವುದಕ್ಕಿಂತ ಇಂಥ ಕೆಲಸಗಳೇ ಹೆಚ್ಚು.

ಅದರ ಹಿಂದೆ ಮುಂದೆ ನೆಲದ ದಾರಿಯೂ ಇದೆ. ಊರಿಂದ ಸೋಗಾನೆಗೆ ಹೋಗಬೇಕು, ತಪಾಸಣೆಗೆ ಮೊದಲೇ ಮುಟ್ಟಬೇಕು, ದೇವನಹಳ್ಳಿಯಿಂದ ನಗರದ ಟ್ರಾಫಿಕ್ ದಾಟಬೇಕು. ಎಲ್ಲ ಕೂಡಿದರೆ ಐದು ಗಂಟೆ. ಬೆಳಗಿನ ಜನಶತಾಬ್ದಿ ರೈಲಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. 'ಮತ್ತೆ ದುಡ್ಡು ಯಾಕೆ ಸುರೀತೀಯ?' ಎಂದು ಅಪ್ಪ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅಪ್ಪನಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಡಾಕ್ಟರಿಗೆ ತೋರಿಸಬೇಕಿತ್ತು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂತರೆ ಸೊಂಟದಿಂದ ಪಾದದವರೆಗೆ ಉರಿ. ಹೋದ ಸಲ ರೈಲಿನಲ್ಲಿ ಕಡೂರು ದಾಟುವಷ್ಟರಲ್ಲೇ ಎದ್ದು ನಿಂತವರು, ಮುಂದೆ ಸೀಟಿನ ಬೆನ್ನು ಹಿಡಿದುಕೊಂಡೇ ಬಂದಿದ್ದರು. ಅಮ್ಮ ಆ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡಿದ್ದಳು. ಅಪ್ಪನ ಮುಖ ನೋಡಲಾರದೆ.

ಅದಕ್ಕೇ ನಾನು ಬೇರೆ ಲೆಕ್ಕ ಹಾಕಿದೆ. ಐದು ಗಂಟೆ ಎರಡೂ ಕಡೆ ಒಂದೇ, ನಿಜ. ಆದರೆ ವಿಮಾನದ ಐದು ಗಂಟೆ ತುಂಡು ತುಂಡಾಗಿದೆ. ನಿಲ್ದಾಣದಲ್ಲಿ ಅಡ್ಡಾಡಬಹುದು, ಬೆಂಚಿನ ಮೇಲೆ ಕಾಲು ಚಾಚಬಹುದು, ಕಾರನ್ನು ದಾರಿಯಲ್ಲಿ ನಿಲ್ಲಿಸಬಹುದು. ಒಂದೇ ಕಡೆ ಕಟ್ಟಿಹಾಕಿದಂತೆ ಕೂರಬೇಕಾದದ್ದು ಸುಮಾರು ಒಂದು ಗಂಟೆ. ಅಪ್ಪನ ಬೆನ್ನು ತಾಳುವುದೂ ಅಷ್ಟನ್ನೇ.

2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಮೊದಲ ಪ್ರಯಾಣಿಕ ವಿಮಾನ ಬಂದಾಗ, ಇದು ದುಡ್ಡಿದ್ದವರ ಶೋಕಿ ಎಂದವರಲ್ಲಿ ಅಪ್ಪನೂ ಒಬ್ಬರು. ಈಗ ಅವರೇ ಕಿಟಕಿಯ ಪಕ್ಕ ಕೂತು ಬಗ್ಗಿ ನೋಡುತ್ತಿದ್ದರು.

'ತಿಪಟೂರು ಬಂತೇನೋ?'

ಬರುವುದಿಲ್ಲ ಎಂದೆ. ರೈಲು ಬೀರೂರು, ಕಡೂರು ಮುಟ್ಟಿ ದಕ್ಷಿಣಕ್ಕೆ ಬಳಸಿ ಅರಸೀಕೆರೆಗೆ ಇಳಿದು, ತಿಪಟೂರಿನ ಮೇಲೆ ಹೋಗುತ್ತದೆ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಆ ಊರುಗಳು ಕೆಳಗೆ, ದಕ್ಷಿಣಕ್ಕೆ ಉಳಿಯುತ್ತವೆ. ರೈಲಿನ ದಾರಿಯೂ ಈ ಗೆರೆಯೂ ಮತ್ತೆ ಹತ್ತಿರ ಬರುವುದು ತುಮಕೂರಿನ ಬಳಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಲವತ್ತು ವರ್ಷ ಅವರು ಬೆಂಗಳೂರಿನ ದೂರವನ್ನು ಅಳೆದದ್ದು ಆ ಊರುಗಳಿಂದಲೇ. ತಿಪಟೂರು ಬಂದರೆ ಹೆಚ್ಚುಕಡಿಮೆ ಅರ್ಧ ಮುಗಿಯಿತು ಅಂತ. ಆ ಗುರುತು ಇಲ್ಲದೆ ಎಷ್ಟು ಬಂದೆವು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

ಆದರೆ ಆ ದಿನ ಅವರು ಆಸ್ಪತ್ರೆಯ ಬಾಗಿಲಿಗೆ ತಾವೇ ನಡೆದು ಹೋದರು. ಅಮ್ಮ ಅವರ ಮುಖ ನೋಡಿಕೊಂಡೇ ಪಕ್ಕದಲ್ಲಿ ನಡೆದಳು.