ತಗ್ಗಿದ ಕಾರು, ಹಿಗ್ಗಿದ ಗಾಲಿ

ನಮ್ಮ ತಂಗಿಯ ಮಗನು ಕೊಲ್ಲಿಯ ನೌಕರಿಯಿಂದ ರಜೆಯಲ್ಲಿ ಬಂದವನು, 2022ರಲ್ಲಿ ಕೊಂಡಿದ್ದ ಹಳೆಯ ಪೋಲೋ ಕಾರನ್ನು ಕೊಚ್ಚಿಗೆ ಒಯ್ದು ಎಂಟು ದಿನಗಳ ತರುವಾಯ ಮರಳಿ ತಂದಾಗ, ಅದು ಅದೇ ಕಾರೆಂದು ಗುರುತಿಸಲು ನಮಗೆ ಕ್ಷಣಕಾಲ ಬೇಕಾಯಿತು. ಮೈ ಸುಮಾರು ಒಂದೂವರೆ ಅಂಗುಲ ನೆಲಕ್ಕೆ ಬಾಗಿದ್ದಿತು. ಕಪ್ಪು ಮಿಶ್ರಲೋಹದ ದೊಡ್ಡ ಗಾಲಿಗಳು ಮಡ್ಗಾರ್ಡಿನೊಳಗೆ ಕಿಕ್ಕಿರಿದು ಕುಳಿತಿದ್ದವು. ಚೆಲುವಾಗಿ ಕಾಣುತ್ತಿದ್ದುದನ್ನು ನಾವು ಅಲ್ಲಗಳೆಯಲಾರೆವು.

ಟಯರಿನ ಮೈಮೇಲಿನ ಬರಹವನ್ನು ಓದಲು ನಾವು ಕಲಿತುದು ಆ ಸಂಜೆಯೇ. ಮೊದಲಿನದು 185/60 ಆರ್ 15. ಅಗಲ 185 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಅರುವತ್ತು, ಒಳಗಿನ ರಿಮ್ಮು 15 ಅಂಗುಲ. ಹೊಸತು 215/40 ಆರ್ 17. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸವೂ 603 ಮಿಲಿಮೀಟರಿನ ಆಸುಪಾಸು. ಆದುದರಿಂದ ವೇಗಮಾಪಕವು ಸುಳ್ಳು ಹೇಳುವುದಿಲ್ಲವೆಂದು ಅಳಿಯನು ಹೆಮ್ಮೆಯಿಂದ ನುಡಿದನು. ಮಾತು ಸರಿಯೇ. ಆದರೆ ಪಕ್ಕದ ಗೋಡೆ 111 ಮಿಲಿಮೀಟರಿನಿಂದ 86ಕ್ಕೆ ಇಳಿದಿದ್ದಿತು. ಹೊಂಡದ ಪೆಟ್ಟನ್ನು ರಿಮ್ಮಿಗೆ ತಾಗದಂತೆ ನುಂಗಿಕೊಳ್ಳುವುದು ಆ ಗೋಡೆಯೊಳಗಿನ ಗಾಳಿಯೇ ಅಲ್ಲವೆ?

ಇನ್ನೊಂದು ಅಂಕಿಗೆ ‘ಆಫ್‌ಸೆಟ್’ ಎಂದು ಹೆಸರು. ಗಾಲಿಯನ್ನು ಬಿಗಿಯುವ ಮುಖವು ರಿಮ್ಮಿನ ನಟ್ಟನಡುವಿನಿಂದ ಎಷ್ಟು ಹೊರಗಿದೆ ಎಂಬುದರ ಅಳತೆ ಅದು. ಅಂಕಿ ಕಡಿಮೆಯಾದಷ್ಟು ಗಾಲಿ ಹೊರಕ್ಕೆ ಚಾಚುತ್ತದೆ. ಇಲ್ಲಿ 40 ಇದ್ದುದು 35 ಆಗಿದ್ದಿತು. ರಿಮ್ಮಿನ ಅಗಲವೂ ಆರು ಅಂಗುಲದಿಂದ ಏಳಕ್ಕೆ ಏರಿದ್ದಿತು. ಎರಡೂ ಕೂಡಿ ಗಾಲಿಯ ಹೊರ ಅಂಚು ಹದಿನೆಂಟು ಮಿಲಿಮೀಟರಿನಷ್ಟು ಈಚೆಗೆ ಬಂದಂತಾಯಿತು. ಅವನೊಬ್ಬನೇ ಕುಳಿತು ಓಡಿಸುವಾಗ ಇದರಿಂದ ಬಾಧಕವಿರಲಿಲ್ಲ.

ನಮ್ಮ ಮನೆಗೆ ಇಳಿಯುವುದು ಮುರಕಲ್ಲಿನ ಕಡಿದಾದ ದಾರಿ. ಆ ಕಾರು ಅಲ್ಲಿ ಹೊಟ್ಟೆ ತಾಗಿ ನಿಂತುಬಿಡುತ್ತಿದ್ದುದರಿಂದ, ಬದಿಯಡ್ಕ–ಕುಂಬಳೆ ರಸ್ತೆಯ ಬದಿಯಲ್ಲಿ, ಪರಿಚಯದವರ ಅಂಗಡಿಯ ಮುಂದೆ ಅದಕ್ಕೆ ಬಿಡಾರವಾಯಿತು.

2023ರ ಜುಲೈ ತಿಂಗಳ ಒಂದು ರಾತ್ರಿ ನಮ್ಮ ತಾಯಿಯವರಿಗೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸು ಬೇರೊಬ್ಬ ರೋಗಿಯೊಂದಿಗೆ ಹೋಗಿದ್ದಿತು. ಸುರಿಯುವ ಮಳೆಯಲ್ಲಿ ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಗುಡ್ಡೆ ಹತ್ತಿಸಿ ರಸ್ತೆಗೆ ಒಯ್ದೆವು. ಕಾರಿನ ಆಸನವಾದರೋ ಮೊಣಕಾಲಿಗಿಂತ ಕೆಳಗೆ. ಮಂಡಿ ನೋವಿನ ಮುದುಕಿಯನ್ನು ಅದರೊಳಗೆ ಇಳಿಸಲು ನಾಲ್ಕು ಕೈಗಳು ಬೇಕಾದವು.

ಒಳಗೆ ಐವರು, ಹಿಂದೆ ಮೂವರು. ಸೀತಾಂಗೋಳಿ ತಲಪುವ ಮೊದಲೇ ಹಿಂದಿನ ಟಯರು ಮಡ್ಗಾರ್ಡಿನ ಅಂಚಿಗೆ ಉಜ್ಜುವ ಸದ್ದು ಆರಂಭವಾಯಿತು, ಬಳಿಕ ಸುಟ್ಟ ರಬ್ಬರಿನ ವಾಸನೆ. ತಾಯಿಯವರು ಪ್ರತಿ ಉಬ್ಬಿಗೂ ನಮ್ಮ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಅಳಿಯನು ಮಾತನಾಡಲಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು ಹೆದ್ದಾರಿಯನ್ನು ಷಟ್ಪಥಗೊಳಿಸುವ ಕೆಲಸ ಆಗ ನಡೆಯುತ್ತಿದ್ದಿತು. ಉಪ್ಪಳದ ಆಚೆ, ನೀರು ತುಂಬಿ ಕಾಣದಿದ್ದ ಹೊಂಡವೊಂದಕ್ಕೆ ಎಡಗಡೆಯ ಹಿಂದಿನ ಗಾಲಿ ಬಿದ್ದಿತು. ರಿಮ್ಮು ಡೊಂಕಾಗಿ ಗಾಳಿಯೆಲ್ಲ ಹೋಯಿತು.

ಡಿಕ್ಕಿಯಲ್ಲಿ ಮೂಲ ಗಾಲಿಯೊಂದು ಇದ್ದಿತು, ವ್ಯಾಸವೂ ಹೊಂದುತ್ತಿದ್ದಿತು. ಕೂಡಲಿಲ್ಲವಾದುದು ಬೋಲ್ಟುಗಳು! ಕಾರಿನ ಸ್ವಂತ ಗಾಲಿಗೆ ಬೇಕಾದುದು ದುಂಡುಮೋರೆಯ ಬೋಲ್ಟು. ಹೊಸ ಗಾಲಿಗೆ ಹಾಕಿದ್ದುದು ಶಂಕುವಿನಾಕಾರದ್ದು. ಒಂದನ್ನು ಇನ್ನೊಂದರ ಗುಳಿಗೆ ಬಿಗಿದರೆ ಪೂರ್ಣವಾಗಿ ಕೂರದೆ, ಓಟದಲ್ಲಿ ಸಡಿಲಾಗಿ ಗಾಲಿಯೇ ಕಳಚೀತು. ಹಳೆಯ ಬೋಲ್ಟುಗಳು ಕಾಗದದ ಪೊಟ್ಟಣದಲ್ಲಿ ಮನೆಯ ಕಪಾಟಿನಲ್ಲಿದ್ದವು. ಅಳಿಯನು ಪಾನೆ ಹಿಡಿದುಕೊಂಡು ಮಳೆಯಲ್ಲಿ ಹಾಗೆಯೇ ಕುಕ್ಕರಿಸಿದ್ದನು.

ಮಂಗಳೂರಿನ ಬಂದರಿಗೆ ಹೊರಟಿದ್ದ ಮೀನಿನ ಪಿಕಪ್ ಗಾಡಿಯೊಂದು ನಮ್ಮ ಬಳಿ ನಿಂತಿತು. ಇಪ್ಪತ್ತರ ಹರೆಯದ ಚಾಲಕನು ಹೆಚ್ಚೇನೂ ಕೇಳದೆ ತಾಯಿಯವರನ್ನು ಎತ್ತಿ ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡನು. ಆಸ್ಪತ್ರೆಯ ಬಾಗಿಲಲ್ಲಿ ನಾವು ಚಾಚಿದ ಹಣವನ್ನು ಅವನು ಮುಟ್ಟಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದ್ದಿತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದರು ವೈದ್ಯರು. ಒಂಬತ್ತನೆಯ ದಿನ ಮನೆಗೆ ಮರಳಿದ ತಾಯಿಯವರು, ಜನ್ಮದಲ್ಲಿ ಮೀನು ಮುಟ್ಟದ ತಮಗೆ ಆ ವಾಸನೆ ಒಮ್ಮೆಯೂ ಹೇಸಿಗೆಯೆನಿಸಲಿಲ್ಲವೆಂದು ಇಂದಿಗೂ ಆಶ್ಚರ್ಯಪಡುತ್ತಾರೆ.

ಕಾನೂನಿನ ಮಾತನ್ನು ನಾವು ವಿಚಾರಿಸಿದುದು ಆಮೇಲೆ. ತಯಾರಕರು ನಿಗದಿಪಡಿಸಿದ ಮೂಲ ರಚನೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು, ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ವಿವರಿಸುತ್ತ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೂ ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡನ್ನೂ ವಿಧಿಸಿದೆ. ಇದನ್ನು ಅಳಿಯನಿಗೆ ಓದಿ ಹೇಳುವ ಪ್ರಮೇಯವೇ ಬರಲಿಲ್ಲ. ತಾಯಿಯವರು ಆಸ್ಪತ್ರೆಯಲ್ಲಿದ್ದಾಗಲೇ ಅವನು ಹಳೆಯ ಸ್ಪ್ರಿಂಗು, ಹಳೆಯ ಗಾಲಿಗಳನ್ನು ಜೋಡಿಸಿ ಮುಗಿಸಿದ್ದನು.

ಉಳಿದ ಮೂರು ಗಾಲಿಗಳೂ ಡೊಂಕಾದುದೊಂದೂ ಅಡಿಕೆಯ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಅವನು ಕೊಲ್ಲಿಗೆ ಮರಳಿದ ಮೇಲೆ, ಅವನ್ನು ಕೊಳ್ಳಬಯಸಿದ ಕಾಞಂಗಾಡಿನ ಯುವಕನೊಬ್ಬ ಫೋನು ಮಾಡಿದನು. ಡೊಂಕಿನ ವಿಷಯವನ್ನು ಮರೆಮಾಚದೆ ತಿಳಿಸಿದೆವು. ಆಫ್‌ಸೆಟ್ ಎಷ್ಟೆಂದು ಅವನು ಕೇಳಿದನು. ಮೂವತ್ತೈದು ಎಂದೆವು ತಡವರಿಸದೆ. ಬಳಿಕ, ಕಾರಿನ ಹಿಂದಿನ ಸೀಟಿನಲ್ಲಿ ಸಾಧಾರಣವಾಗಿ ಯಾರು ಕುಳಿತುಕೊಳ್ಳುತ್ತಾರೆಂದು ನಾವೂ ಅವನನ್ನು ಕೇಳಿದೆವು.