ನಾಲ್ಕು ಕಿಲೋಮೀಟರ್ ಕೆಳಗಿನ ಉತ್ತರ

ಜಿಪಿಎಸ್ ಪ್ರಕಾರ ಜಾಗ ಇದೇ. ಸುತ್ತ ನೀರೋ ನೀರು! ಹಿಂದೂ ಮಹಾಸಾಗರದ ನಟ್ಟನಡುವೆ, ಸಮಭಾಜಕ ವೃತ್ತದ ಮೇಲೆ ಹಡಗು ಹೊಯ್ದಾಡುತ್ತಿದೆ. ಕೆಳಗೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಕತ್ತಲು. ಅಲ್ಲಿ ಭಾರ ಕಟ್ಟಿ ನಿಲ್ಲಿಸಿದ್ದ ಹಗ್ಗ ಇದೆಯೋ, ಹರಿದು ಕೊಚ್ಚಿಹೋಯಿತೋ? ಅದು ಹೋದರೆ ಅದಕ್ಕೆ ಬಿಗಿದ ಯಂತ್ರಗಳೂ ಹೋದವು, ತಿಂಗಳುಗಟ್ಟಲೆ ಕೂಡಿಟ್ಟ ಲೆಕ್ಕವೂ ಹೋಯಿತು.

ಹಡಗಿನಿಂದ ನೀರಿಗೆ ಇಳಿಬಿಟ್ಟ ಯಂತ್ರ ಸದ್ದು ಮಾಡುತ್ತದೆ. ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡಿದರೂ ತಳದಲ್ಲಿ ಹಗ್ಗವನ್ನು ಭಾರಕ್ಕೆ ಬಿಗಿದ ಕೊಕ್ಕೆಯನ್ನು ಮುಟ್ಟಿ ಅಲ್ಲಿಂದ ಉತ್ತರ ಬರಲು ಐದಾರು ಸೆಕೆಂಡು ಬೇಕು. ಎರಡು... ಮೂರು... ನಾಲ್ಕು... ಯಾರೂ ಪಿಟ್ಟೆನ್ನುವುದಿಲ್ಲ.

ಬಂತು! ಉತ್ತರ ಬಂತು!

ಪ್ರತಿ ಸಲವೂ ಇದೇ ಪರದಾಟ, ಅದೂ ಕಣ್ಣಿಗೆ ಬೀಳದ ಅಲೆಗಾಗಿ. ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಇವುಗಳ ನಡುವೆ ಏಳುವ ಒಳ ಅಲೆಯನ್ನು ಡೆಕ್ಕಿನಿಂದ ಎಷ್ಟು ದಿಟ್ಟಿಸಿದರೂ ಕಾಣದು. ಹಗ್ಗಕ್ಕೆ ಬಿಗಿದ ಧ್ವನಿಯಂತ್ರ ಮೇಲ್ಮುಖವಾಗಿ ಶಬ್ದ ಚಿಮ್ಮಿಸುತ್ತದೆ. ತೇಲುವ ಪುಟ್ಟ ಜೀವಿಗಳಿಗೆ ಬಡಿದು ಮರಳುವಾಗ ಅದರ ಶ್ರುತಿ ಕೊಂಚ ಏರಿರುತ್ತದೆ ಇಲ್ಲವೇ ಇಳಿದಿರುತ್ತದೆ. ನೀರು ಎತ್ತ, ಎಷ್ಟು ರಭಸದಿಂದ ಹರಿಯಿತೆಂದು ತಿಳಿಯುವುದು ಅದರಿಂದಲೇ.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 2000ರಿಂದ ಇಂಥ ಹಗ್ಗಗಳನ್ನು ಸಮಭಾಜಕದುದ್ದಕ್ಕೂ ನೆಡತೊಡಗಿತು. ಆ ಲೆಕ್ಕದ ಬೆನ್ನು ಹತ್ತಿದವರು ಬೆಂಗಳೂರಿನವರು! ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಸಿಸ್ ಸೇನ್‌ಗುಪ್ತಾ ಮತ್ತು ಸಂಗಡಿಗರು. ಗೋವಾದವರೊಡನೆ 2004ರಲ್ಲಿ ಅವರು ಪ್ರಕಟಿಸಿದ್ದು ಇದು: ಅಲ್ಲಿನ ನೀರು ಸುಮಾರು ಎರಡು ವಾರಕ್ಕೊಂದು ಸುತ್ತಿನಂತೆ ಉತ್ತರಕ್ಕೂ ದಕ್ಷಿಣಕ್ಕೂ ತೂಗುತ್ತದೆ. ಗಾಳಿ ಎಬ್ಬಿಸಿದ ಆ ಅಲೆಯ ಉಬ್ಬುತಗ್ಗು ಪಶ್ಚಿಮಕ್ಕೂ ಮೇಲಕ್ಕೂ ಸರಿಯುತ್ತದೆ, ಶಕ್ತಿ ಮಾತ್ರ ಆಳಕ್ಕಿಳಿಯುತ್ತದೆ. ಕೇಳಿದರೆ ತಲೆ ತಿರುಗಬೇಕು!

ಇತ್ತ ಹಡಗಿನಿಂದ ಎರಡನೆಯ ಸಂಕೇತ: ‘ಬಿಡು!’ ತಳದ ಕೊಕ್ಕೆ ಕಳಚುತ್ತದೆ. ಭಾರ ಅಲ್ಲೇ ಉಳಿಯುತ್ತದೆ, ಹಗ್ಗಕ್ಕೆ ಕಟ್ಟಿದ ತೇಲುವ ಗಾಜಿನ ಬುರುಡೆಗಳು ಅದನ್ನು ಎಳೆದುಕೊಂಡು ಏರತೊಡಗುತ್ತವೆ. ಮೇಲಿನದು ಬೇಗ ಕಾಣುತ್ತದೆ, ತಳದ್ದು ಬರಲು ಗಂಟೆ ಹಿಡಿಯುತ್ತದೆ. ಕತ್ತಲಾಗುವ ಮುನ್ನ ಎಳೆಯಬೇಕು. ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ಮುಗಿಯಿತು ಕಥೆ.

‘ಅಗೋ!’ ಗಾಳ ಬೀಸುತ್ತಾರೆ, ತಪ್ಪುತ್ತದೆ. ಹಡಗು ವಾಲುತ್ತದೆ, ಮತ್ತೆ ಬೀಸು! ಸಿಕ್ಕಿತು. ಹಗ್ಗ ಎಳೆಯುವ ವಿಂಚು ನರಳುತ್ತದೆ. ‘ಹಗ್ಗದ ನೇರಕ್ಕೆ ನಿಲ್ಲಬೇಡ್ರೀ, ಕಡಿದರೆ ಚಾಟಿ ಬೀಸಿದ ಹಾಗೆ ಹೊಡೀತದೆ!’ ಯಂತ್ರ ಡೆಕ್ಕಿಗೆ ಬಂದದ್ದೇ ಒಬ್ಬರು ಕೇಬಲ್ ಚುಚ್ಚುತ್ತಾರೆ, ಇನ್ನೊಬ್ಬರು ಹೊಸ ಬ್ಯಾಟರಿ ಬಿಚ್ಚುತ್ತಾರೆ.