ಮೂತಿಯಿಲ್ಲದ ದೋಣಿ

ಬಳಿಚಕ್ರದ ಬಾಲಕನೊಬ್ಬನು ಪುಸ್ತಕದಲ್ಲಿ ಹಿಮನಾಡಿನ ಕಯಾಕ್ ಎಂಬ ದೋಣಿಯ ಚಿತ್ರವನ್ನು ನೋಡಿದ್ದನು. ಅದು ಉದ್ದವಾಗಿ, ಕಿರಿದಾಗಿ, ಮೀನಿನಂತೆ ಮೂತಿ ಚಾಚಿಕೊಂಡಿತ್ತು. ಕೆಲವು ದಿನಗಳ ಬಳಿಕ ತಂದೆಯೊಡನೆ ಭೀಮಾನದಿಯ ದಡಕ್ಕೆ ಹೋದಾಗ, ಅಲ್ಲಿ ಬೋರಲಾಗಿದ್ದ ಹರಿಗೋಲೊಂದನ್ನು ಕಂಡನು. ಅದನ್ನು ಒಂದು ಸುತ್ತು ಬಂದು ಮುದುಕನಾದ ಅಂಬಿಗನನ್ನು ಕೇಳಿದನು: “ಅಜ್ಜಾ, ಇದರ ಮೂತಿ ಯಾ ಕಡಿ ಅದ?”

ಅಂಬಿಗನು ನಕ್ಕು, “ಹುಟ್ಟು ಯಾ ಕಡಿ ಹಾಕ್ತೀನೋ ಆ ಕಡೀನೇ ಇದರ ಮೂತಿ, ತಮ್ಮಾ” ಎಂದನು.

ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಮುಂದೆ ಸಾಗುವ ದೋಣಿಯು ಎದುರಿನ ನೀರನ್ನು ಪಕ್ಕಕ್ಕೆ ಸರಿಸಬೇಕು. ಚೂಪಾದ ಮೂತಿ ನೀರನ್ನು ಮೆಲ್ಲನೆ ಸೀಳುವುದರಿಂದ ತಡೆ ಕಡಿಮೆಯಾಗುತ್ತದೆ. ಉದ್ದನೆಯ ಒಡಲು ದಿಕ್ಕು ತಪ್ಪದಂತೆ ಕಾಯುತ್ತದೆ. ಅಲ್ಯೂಷಿಯನ್ ದ್ವೀಪವಾಸಿಗಳ ಕಯಾಕಿನ ಮೂತಿ ಮೇಲೊಂದು ಕೆಳಗೊಂದಾಗಿ ಸೀಳಿರುತ್ತದೆ. ಕೆಳಗಿನದು ನೀರನ್ನು ಕತ್ತರಿಸುತ್ತದೆ, ಅಗಲವಾದ ಮೇಲಿನದು ಅಲೆಯ ಮೇಲೆ ದೋಣಿಯನ್ನು ಎತ್ತುತ್ತದೆ ಎಂದು ಬಲ್ಲವರು ವಿವರಿಸುತ್ತಾರೆ.

ಹರಿಗೋಲಿಗೆ ಇವಾವುವೂ ಇಲ್ಲ. ಬಿದಿರಿನ ಸೀಳುಗಳಿಂದ ಹೆಣೆದು, ಹಿಂದೆ ಚರ್ಮವನ್ನೂ ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದ ದುಂಡನೆಯ ಬುಟ್ಟಿ ಅದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹದಿನೈದಿಪ್ಪತ್ತು ಜನರನ್ನು ಹೊರುವ ಇಂಥ ದೋಣಿಗಳನ್ನು ಕಂಡನು. ಅವು ನೆಟ್ಟಗೆ ಸಾಗಲಾರದೆ ಸದಾ ತಿರುಗುತ್ತವೆಂದು ಬರೆದಿಟ್ಟನು.

ಅವನು ಕಂಡುದು ನಿಜ. ಆದರೆ ಆ ಕೊರತೆಯೇ ನಮ್ಮ ಹೊಳೆಗಳಲ್ಲಿ ಗುಣವಾಯಿತು. ಉದ್ದನೆಯ ದೋಣಿ ಬಂಡೆಗೆ ಅಡ್ಡವಾಗಿ ಸಿಕ್ಕಿಕೊಂಡರೆ ಸೆಳವು ಅದರ ಪಕ್ಕವನ್ನು ಒತ್ತಿ ಮಗುಚುತ್ತದೆ. ದುಂಡನೆಯ ಹರಿಗೋಲಿಗೆ ಅಡ್ಡವೆಂಬುದೇ ಇಲ್ಲ. ಬಂಡೆಗೆ ತಗುಲಿದರೂ ಬಾಗಿ, ತಿರುಗಿ, ಜಾರಿಕೊಳ್ಳುತ್ತದೆ. ಅಗಲವಾದ ತಳದಿಂದಾಗಿ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ದಿಕ್ಕನ್ನು ಕೊಡುವವನು ಅಂಬಿಗ. ಸೇರಬೇಕಾದ ತಾಣಕ್ಕಿಂತ ಮೇಲಿನಿಂದ ಹೊರಟು, ಹುಟ್ಟನ್ನು ಎಡಬಲಕ್ಕೆ ಆಡಿಸುತ್ತ, ಸೆಳವಿನೊಡನೆ ಓರೆಯಾಗಿ ದಾಟುತ್ತಾನೆ.

ಆದರೂ ಆ ವಿದ್ಯೆಗೆ ಮಿತಿಯುಂಟು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ, ಸುರಪುರದ ಸೀಮೆಯಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನ ಗಡ್ಡಿ ಎಷ್ಟೋ ಮಳೆಗಾಲಗಳಲ್ಲಿ ದಡದ ಸಂಪರ್ಕವನ್ನು ಕಳೆದುಕೊಂಡಿದೆ. ಅಂಥ ವೇಳೆಯಲ್ಲಿ ರೋಗಿಯನ್ನೋ ಗರ್ಭಿಣಿಯನ್ನೋ ದಾಟಿಸಬೇಕಾದ ಅಂಬಿಗನ ಮನಸ್ಸು ಎಷ್ಟು ತೂಗಬೇಕು!

“ಹೊಳಿ ತುಂಬಿ ಬಂದ್ರ ಏನು ಮಾಡ್ತಿ, ಅಜ್ಜಾ?” ಎಂದು ಬಾಲಕನು ಕೇಳಿದನು.

“ಹೊಳಿ ಬ್ಯಾಡ ಅಂದಾಗ ದಂಡಿಮ್ಯಾಲ ಕುಂದರಬೇಕು. ಅದನ್ನ ಕಲೀಲಿಕ್ಕೇ ನನಗ ಭಾಳ ವರ್ಷ ಹಿಡೀತು.”

ಆ ದಿನ ನೀರು ಶಾಂತವಾಗಿತ್ತು. ಅಂಬಿಗನು ಹರಿಗೋಲನ್ನು ನೀರಿಗಿಳಿಸಿ, ಬಾಲಕನನ್ನು ಕೂರಿಸಿಕೊಂಡು ಹುಟ್ಟನ್ನು ಅವನ ಕೈಗಿತ್ತನು. ಬಾಲಕನು ಬಲವಾಗಿ ನೀರನ್ನು ತಳ್ಳಿದನು. ಹರಿಗೋಲು ಮುಂದೆ ಹೋಗದೆ ಕುಂಬಾರನ ಚಕ್ರದಂತೆ ನಿಂತಲ್ಲಿಯೇ ತಿರುಗಿತು. ಮುದುಕನು ಮಾತಾಡದೆ ಅವನ ಕೈಯ ಮೇಲೆ ತನ್ನ ಕೈಯನ್ನಿಟ್ಟನು. ಹರಿಗೋಲು ನಿಧಾನವಾಗಿ ಆಚೆಯ ದಡದತ್ತ ಸಾಗಿತು.